ಸ್ಪರ್ಧೆಯ ಆಟಕ್ಕೆ ಕಂಪ್ಯೂಟರನ್ನು ಆರಿಸುವ ಬಗೆ

"ಕುಣಿಯಲಾರದವಳು ನೆಲ ಡೊಂಕೆಂದಳಂತೆ" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ತನ್ನ ಕೈಲಾಗದ್ದಕ್ಕೆ ಹೊರಗಿನ ಕಾರಣವನ್ನು ಹುಡುಕುವ ಮನುಷ್ಯಸ್ವಭಾವವನ್ನು ಈ ಗಾದೆಯು ಚೆನ್ನಾಗಿ ಹಿಡಿದಿದೆ. ಆದರೆ ಒಂದೊಂದು ಸಲ ನೆಲವೇ ನಿಜವಾಗಿ ಡೊಂಕಾಗಿದ್ದರೆ? ಆಗ ಕುಣಿಯುವವಳನ್ನು ಹಂಗಿಸುವುದು ನ್ಯಾಯವೇ? ಕಂಪ್ಯೂಟರಿನ ಮೇಲೆ ಆಡುವ ಸ್ಪರ್ಧೆಯ ಆಟಗಳಿಗೆ ಎಂತಹ ಯಂತ್ರ ಬೇಕು ಎಂಬ ಪ್ರಶ್ನೆಯು ಸುತ್ತಿ ಬಳಸಿ ಕಡೆಗೆ ಬಂದು ನಿಲ್ಲುವುದು ಇಲ್ಲಿಯೇ. ನೆಲದ ದೋಷ ಎಷ್ಟು, ಕುಣಿತದ ದೋಷ ಎಷ್ಟು ಎಂಬುದನ್ನು ಅಳೆದು ನೋಡಿದ ಮೇಲೆ ಹಣವನ್ನು ಬಿಚ್ಚಬೇಕೇ ಹೊರತು, ಬಿಚ್ಚಿದ ಮೇಲೆ ಅಳೆಯಬಾರದು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ.

ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುತ್ತಿರುವ ವಿದ್ಯಾರ್ಥಿನಿಗೆ ಕಂಪ್ಯೂಟರಿನ ಒಳಾಂಗಗಳ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಬೈಲಕುಪ್ಪೆಗೆ ಸಮೀಪದ ಒಂದು ಹಳ್ಳಿ ನಮ್ಮದು. ಪಿರಿಯಾಪಟ್ಟಣ ತಾಲ್ಲೂಕಿನ ಅನೇಕ ರೈತರಂತೆ ನಮ್ಮ ತಂದೆಯವರೂ ಹೊಗೆಸೊಪ್ಪು ಬೆಳೆಯುತ್ತಾರೆ. ಸಸಿ ನೆಟ್ಟು, ಎಲೆ ಮುರಿದು, ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟು ಸೌದೆ ಉರಿಸಿ, ಹದವಾದ ಎಲೆಯನ್ನು ವಿಂಗಡಿಸಿ ಹರಾಜಿಗೆ ಒಯ್ದ ಮೇಲೆಯೇ ನಮ್ಮ ಮನೆಯಲ್ಲಿ ಕಾಸಿನ ಮುಖ ಕಾಣುವುದು. 2025ರ ಜನವರಿಯಲ್ಲಿ ಹಾಗೆ ಬಂದ ಹಣವು ಇನ್ನೂ ಹಂಚಿಹೋಗದೆ ಇದ್ದಾಗ, ಪಿ.ಯು.ಸಿ. ಓದುತ್ತಿದ್ದ ನನ್ನ ತಮ್ಮನು ಒಂದು ಪಟ್ಟಿಯನ್ನು ತಂದು ತಂದೆಯವರ ಮುಂದಿಟ್ಟನು. ಆಟಕ್ಕೆಂದೇ ಜೋಡಿಸಿದ ಹೊಸ ಕಂಪ್ಯೂಟರು. ಬೆಲೆ ಎಂಬತ್ತು ಸಾವಿರ ರೂಪಾಯಿ. ಮನೆಯಲ್ಲಿರುವ ಹಳೆಯ ಯಂತ್ರದಲ್ಲಿ ಚಿತ್ರವು ತಡವರಿಸುತ್ತದೆ, ಅದರಿಂದಲೇ ತಾನು ಪ್ರತಿ ಸಲವೂ ಸೋಲುತ್ತೇನೆ ಎಂಬುದು ಅವನ ವಾದ. ತಂದೆಯವರು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೆ ಕೊಟ್ಟು, "ನಂಗೆ ಇದ್ರ ಗಂಧಗಾಳಿ ಇಲ್ಲ. ನೀನು ಓದ್ದೋಳು, ನೀನೇ ನೋಡಿ ಹೇಳವ್ವ" ಎಂದರು.

ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಬ್ಯಾಂಕಿನ ಅರ್ಜಿ, ಪಹಣಿ, ಆಸ್ಪತ್ರೆಯ ಚೀಟಿ, ಯಾವುದು ಬಂದರೂ ಅದು ನನ್ನ ಕೈಗೇ ಬರುತ್ತದೆ. ಓದಿದವಳಿಗೆ ಎಲ್ಲವೂ ಗೊತ್ತು ಎಂಬ ನಂಬಿಕೆ ಮನೆಯವರದು. ನಮ್ಮಂತಹ ಮನೆಗಳಿಂದ ಬಂದ ಸಹಪಾಠಿಗಳಿಗೆ ಈ ನಂಬಿಕೆಯ ಭಾರವು ಎಷ್ಟೆಂದು ನಾನು ಹೇಳಬೇಕಾಗಿಲ್ಲ. ನನಗೆ ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಗಿ, ಎರಡು ವಾರದ ವಾಯಿದೆ ಕೇಳಿದೆನು. ಆ ಎರಡು ವಾರಗಳಲ್ಲಿಯೂ ಆಮೇಲೆಯೂ ನಾನು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು, ಇದೂ ಒಂದು ಕ್ರೀಡೆಯೇ ಎಂಬ ಸಂದೇಹವನ್ನು ಪರಿಹರಿಸಿಕೊಳ್ಳೋಣ. 2018ರಲ್ಲಿ ಜಕಾರ್ತಾದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ವಿದ್ಯುನ್ಮಾನ ಆಟಗಳನ್ನು ಪ್ರದರ್ಶನ ಸ್ಪರ್ಧೆಯಾಗಿ ಇಡಲಾಗಿತ್ತು. ಅಲ್ಲಿ ಭಾರತದ ತೀರ್ಥ್ ಮೆಹ್ತಾ ಅವರು 'ಹಾರ್ಥ್‌ಸ್ಟೋನ್' ಎಂಬ ಆಟದಲ್ಲಿ ಕಂಚನ್ನು ಗೆದ್ದರು. ಮುಂದಿನ ಕೂಟವು 2023ರಲ್ಲಿ ಚೀನದ ಹ್ಯಾಂಗ್‌ಝೌ ನಗರದಲ್ಲಿ ನಡೆದಾಗ ಈ ಆಟಗಳಿಗೆ ಅಧಿಕೃತ ಪದಕಗಳೇ ಇದ್ದುವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ಸೇರಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಸ್ಪರ್ಧಾತ್ಮಕ ಕ್ರೀಡೆಯಾಗಿರುವ ಆಟಗಳನ್ನು ಬೇರೆಯಾಗಿಯೇ ಎಣಿಸಿದೆ. ಆದುದರಿಂದ ಜೂಜಿಗೂ ಇದಕ್ಕೂ ವ್ಯತ್ಯಾಸ ಉಂಟು ಎಂಬುದನ್ನು ಹಿರಿಯರು ಮನಗಾಣಬೇಕು. ಹಾಗೆಯೇ ನಮ್ಮ ತರುಣರು ಮನಗಾಣಬೇಕಾದ ಸಂಗತಿಯೂ ಒಂದಿದೆ. ಮೆಹ್ತಾ ಅವರು ಗೆದ್ದ ಆಟವು ಎಲೆಗಳನ್ನು ಸರದಿಯಂತೆ ಇಳಿಸಿ ಆಡುವ ಬುದ್ಧಿಯ ಆಟ. ಅದಕ್ಕೆ ಭಾರಿ ಯಂತ್ರವೇನೂ ಬೇಕಿಲ್ಲ. ಯಾವ ಆಟ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳದೆ ಯಾವ ಯಂತ್ರ ಎಂದು ಕೇಳುವುದು, ಯಾವ ಬೆಳೆ ಎಂದು ಹೇಳದೆ ಎಷ್ಟು ಗೊಬ್ಬರ ಎಂದು ಕೇಳಿದಂತೆ.

ನನ್ನ ತಮ್ಮನು ಆಡುವುದು 'ವ್ಯಾಲೊರಂಟ್' ಎಂಬ, ಐದೈದು ಜನರ ಎರಡು ತಂಡಗಳ ಗುರಿಯಾಟವನ್ನು. ಇದು 2020ರಲ್ಲಿ ಬಂದಿತು. ಇಂತಹ ಆಟದಲ್ಲಿ ಎದುರಾಳಿಯು ಗೋಡೆಯ ಮರೆಯಿಂದ ತಲೆಹಾಕಿದ ಕ್ಷಣಕ್ಕೂ ನಾವು ಗುಂಡಿಯನ್ನು ಒತ್ತುವ ಕ್ಷಣಕ್ಕೂ ನಡುವೆ ಎಷ್ಟು ಕಾಲ ಕಳೆಯಿತು ಎಂಬುದರ ಮೇಲೆ ಸೋಲು ಗೆಲುವು ನಿಂತಿದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಸುಮಾರು 200 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಐದನೆಯ ಒಂದು ಭಾಗ ಹಿಡಿಯುತ್ತದೆ. ಅದು ನಮ್ಮ ಕುಣಿತ. ಅದರ ಮೇಲೆ ಯಂತ್ರವು ಎಷ್ಟು ತಡವನ್ನು ಸೇರಿಸುತ್ತದೆ ಎಂಬುದು ನೆಲದ ಡೊಂಕು.

ಈ ತಡವು ಒಂದೇ ಕಡೆಯಲ್ಲಿ ಹುಟ್ಟುವುದಿಲ್ಲ. ನಮ್ಮ ಸೀಮೆಯ ಹಾರಂಗಿ ಕಾಲುವೆಯನ್ನು ನೆನೆಯಿರಿ. ಮುಖ್ಯ ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ನಮ್ಮ ಗದ್ದೆಯ ತೂಬು ಗೇಣಗಲವಿದ್ದರೆ ಗದ್ದೆಗೆ ಬರುವುದು ಗೇಣಗಲದ ನೀರೇ. ಮುಖ್ಯ ಕಾಲುವೆಯನ್ನು ಇನ್ನೂ ಅಗಲಿಸಿದರೆ ಅದರಿಂದ ನಮಗೆ ಒಂದು ಬೊಗಸೆಯೂ ಹೆಚ್ಚು ಬಾರದು. ಕಂಪ್ಯೂಟರಿನಲ್ಲಿಯೂ ಹೀಗೆಯೇ. ಆಟದ ಲೆಕ್ಕವನ್ನು ಮಾಡುವುದು ಪ್ರೊಸೆಸರು. ಆ ಲೆಕ್ಕದಂತೆ ಚಿತ್ರವನ್ನು ಬರೆಯುವುದು ಗ್ರಾಫಿಕ್ಸ್ ಕಾರ್ಡು. ಬೇಕಾದ ಸಾಮಗ್ರಿಯನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ರ್‍ಯಾಮ್. ಬರೆದ ಚಿತ್ರವನ್ನು ತೋರಿಸುವುದು ಮಾನಿಟರು. ನಮ್ಮ ಕೈಯ ಚಲನೆಯನ್ನು ಒಳಗೆ ಒಯ್ಯುವುದು ಮೌಸು ಮತ್ತು ಕೀಬೋರ್ಡು. ಹೊರಗಿನ ಆಟಗಾರರೊಡನೆ ಸೇರಿಸುವುದು ಅಂತರಜಾಲ. ಇವುಗಳಲ್ಲಿ ಅತ್ಯಂತ ಕಿರಿದಾದ ತೂಬು ಯಾವುದೋ ಅದೇ ಇಡೀ ಯಂತ್ರದ ಅಳತೆ. ತೂಬನ್ನು ಗುರುತಿಸದೆ ಕಾಲುವೆಗೆ ಹಣ ಸುರಿಯುವುದೇ ಈ ವ್ಯವಹಾರದಲ್ಲಿ ಬಹಳ ಜನರು ಮಾಡುವ ತಪ್ಪು.

ಹಾಗಾದರೆ ತೂಬನ್ನು ಗುರುತಿಸುವ ಬಗೆ ಹೇಗೆ? ಇದನ್ನು ನನಗೆ ಕಲಿಸಿದವರು ನನ್ನ ಸಹಪಾಠಿಯೊಬ್ಬಳ ಅಣ್ಣ. ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರ ಕ್ಯಾಂಪುಗಳು ನಮ್ಮ ವಾಚಕರಿಗೆ ಪರಿಚಿತವೇ. ಅವುಗಳಲ್ಲೊಂದರಲ್ಲಿ ಅವರ ಮನೆ. ಕಂಪ್ಯೂಟರು ರಿಪೇರಿ ಅವರ ಕಸುಬು. ಕನ್ನಡವನ್ನು ನಮ್ಮಷ್ಟೇ ಸಲೀಸಾಗಿ ಆಡುತ್ತಾರೆ. ತಮ್ಮನ ಪಟ್ಟಿಯನ್ನು ನೋಡಿ ಅವರು, "ಇದು ಆಮೇಲೆ ಇರಲಿ ತಂಗಿ. ಈಗ ಇರೋ ಮಷೀನು ಎಲ್ಲಿ ತಡೀತಿದೆ ಅಂತ ನೋಡಿದ್ದೀರಾ?" ಎಂದು ಕೇಳಿದರು. ನಾವು ನೋಡಿರಲಿಲ್ಲ.

ಅವರು ಹೇಳಿದ ಪರೀಕ್ಷೆ ಬಹಳ ಸುಲಭವಾದುದು. ಆಟದಲ್ಲಿಯೇ ಸೆಕೆಂಡಿಗೆ ಎಷ್ಟು ಚಿತ್ರಗಳು ತಯಾರಾಗುತ್ತಿವೆ ಎಂಬ ಅಂಕಿಯನ್ನು ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಬಹುದು. ಅದನ್ನು ಬರೆದಿಟ್ಟುಕೊಂಡು, ಅನಂತರ ಚಿತ್ರದ ಗಾತ್ರವನ್ನೂ ನೆರಳು ಬೆಳಕಿನ ಅಲಂಕಾರಗಳನ್ನೂ ಕಡಮೆ ಮಾಡಿ ಮತ್ತೆ ನೋಡಬೇಕು. ಅಂಕಿಯು ಗಣನೀಯವಾಗಿ ಏರಿದರೆ ತಡೆಯು ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡಿನಲ್ಲಿದೆ. ಎಷ್ಟು ಕಡಮೆ ಮಾಡಿದರೂ ಅಂಕಿ ಕದಲದಿದ್ದರೆ ತಡೆಯು ಪ್ರೊಸೆಸರಿನಲ್ಲಿಯೋ ರ್‍ಯಾಮಿನಲ್ಲಿಯೋ ಇದೆ. ಅಂಕಿಯು ಮೇಲೆಯೇ ಇದ್ದು, ಆದರೂ ಚಲನೆಯು ಮುರಿದು ಮುರಿದು ಕಂಡರೆ ಮಾನಿಟರನ್ನೋ ಅಂತರಜಾಲವನ್ನೋ ಶಂಕಿಸಬೇಕು. ಒಂದು ಕಾಸೂ ಖರ್ಚಿಲ್ಲದೆ ಅರ್ಧ ಗಂಟೆಯಲ್ಲಿ ಮುಗಿಯುವ ಪರೀಕ್ಷೆ ಇದು.

ನಮ್ಮ ಹಳೆಯ ಯಂತ್ರವನ್ನು 2023ರಲ್ಲಿ ನನ್ನ ಓದಿಗೆಂದು 26,000 ರೂಪಾಯಿಗೆ ಕೊಂಡದ್ದು. ಇಂಟೆಲ್ಲಿನ ಎಂಟನೆಯ ತಲೆಮಾರಿನ ಐ-ಫೈವ್ ಪ್ರೊಸೆಸರು, 8 ಜಿ.ಬಿ. ರ್‍ಯಾಮಿನ ಒಂದೇ ಪಟ್ಟಿ, ಮತ್ತು ಜಿ.ಟಿ.ಎಕ್ಸ್. 1050 ಟಿ.ಐ. ಎಂಬ, 2016ರಲ್ಲಿ ಮಾರುಕಟ್ಟೆಗೆ ಬಂದ ಗ್ರಾಫಿಕ್ಸ್ ಕಾರ್ಡು ಅದರಲ್ಲಿದ್ದುವು. ಇದರಲ್ಲಿ ಆಟದ ಅಂಕಿ 40ನ್ನು ದಾಟುತ್ತಿರಲಿಲ್ಲ. ಇದನ್ನು ಕೇಳಿ ಅವರು ಹುಬ್ಬೇರಿಸಿದರು. ಏಕೆಂದರೆ ವ್ಯಾಲೊರಂಟ್ ತಯಾರಿಸಿದವರು 2020ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ, ಸೆಕೆಂಡಿಗೆ 60 ಚಿತ್ರಗಳಿಗೆ ಜಿ.ಟಿ. 730 ಎಂಬ ಅತ್ಯಂತ ಸಾಮಾನ್ಯ ಕಾರ್ಡು ಸಾಕೆಂದೂ, 144ಕ್ಕೆ ನಮ್ಮಲ್ಲಿದ್ದ 1050 ಟಿ.ಐ. ಸಾಕೆಂದೂ ಹೇಳಿದೆ. ನಮ್ಮ ಕಾಲುವೆಯಲ್ಲಿ ನೀರು ಇತ್ತು. ಅದು ಗದ್ದೆಗೆ ಬರುತ್ತಿರಲಿಲ್ಲ.

ಒಂದು ಭಾನುವಾರ ಅವರು ನಮ್ಮ ಮನೆಗೆ ಬಂದರು. ಯಂತ್ರವನ್ನು ಬಿಚ್ಚಲಿಲ್ಲ, ಚಾಲೂ ಮಾಡಲಿಲ್ಲ. ಮೇಜನ್ನು ಗೋಡೆಯಿಂದ ಎಳೆದು ಹಿಂಬದಿಯನ್ನು ನೋಡಿ ನಕ್ಕರು. ಕಂಪ್ಯೂಟರಿನ ಹಿಂದೆ ಮಾನಿಟರಿನ ತಂತಿಯನ್ನು ಸಿಕ್ಕಿಸಲು ಎರಡು ಕಡೆ ಜಾಗವಿರುತ್ತದೆ. ಮೇಲ್ಭಾಗದಲ್ಲಿರುವುದು ಮದರ್‌ಬೋರ್ಡಿನದು, ಕೆಳಗೆ ಅಡ್ಡಲಾಗಿರುವುದು ಗ್ರಾಫಿಕ್ಸ್ ಕಾರ್ಡಿನದು. ನಮ್ಮ ತಂತಿಯು ಮೇಲಿನದಕ್ಕೆ ಸಿಕ್ಕಿಕೊಂಡಿತ್ತು. ಎಂದರೆ, ಎರಡು ವರ್ಷ ಗ್ರಾಫಿಕ್ಸ್ ಕಾರ್ಡು ಒಳಗೆ ಸುಮ್ಮನೆ ಕುಳಿತಿತ್ತು. ಪ್ರೊಸೆಸರಿನೊಳಗೇ ಇರುವ ಚಿಕ್ಕದೊಂದು ಚಿತ್ರಭಾಗವು ಎಲ್ಲ ಕೆಲಸವನ್ನೂ ಏದುಸಿರು ಬಿಡುತ್ತ ಮಾಡುತ್ತಿತ್ತು. ತಂತಿಯನ್ನು ಕೀಳಿ ಕೆಳಗೆ ಸಿಕ್ಕಿಸಿದರು. ಅಂಕಿಯು 40ರಿಂದ 140ರ ಆಚೆಗೆ ಹೋಯಿತು.

ಆ ತಂತಿಯನ್ನು ಅಲ್ಲಿ ಸಿಕ್ಕಿಸಿದವಳು ನಾನೇ. ಯಂತ್ರವು ಮನೆಗೆ ಬಂದ ದಿನ, ಓದಿದವಳು ಜೋಡಿಸಲಿ ಎಂದು ಎಲ್ಲರೂ ಸುತ್ತ ನಿಂತಿದ್ದರು. ತಂತಿಯು ಹಿಡಿಸಿದ ಮೊದಲ ತೂತಿಗೆ ಅದನ್ನು ತೂರಿಸಿ, ಚಿತ್ರ ಬಂದದ್ದನ್ನು ಕಂಡು ಹೆಮ್ಮೆಪಟ್ಟಿದ್ದೆನು. ಅನಂತರ ಎರಡು ವರ್ಷ, ಯಂತ್ರ ನಿಧಾನ ಎಂದು ತಮ್ಮನು ಅಂದಾಗಲೆಲ್ಲ ಈ ಲೇಖನದ ಮೊದಲ ಸಾಲಿನ ಗಾದೆಯನ್ನೇ ಅವನ ಮುಖಕ್ಕೆ ಹೇಳಿದ್ದೆನು. ನೆಲವು ನಿಜವಾಗಿಯೂ ಡೊಂಕಾಗಿತ್ತು. ಡೊಂಕು ಮಾಡಿದವಳು ನಾನಾಗಿದ್ದೆನು. ಅಂದು ಅವನು ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ವಾಚಕರಲ್ಲಿ ಯಾರ ಮನೆಯಲ್ಲಾದರೂ ಇಂತಹ ಯಂತ್ರವಿದ್ದರೆ, ಬೇರೆ ಏನನ್ನೂ ಓದುವ ಮೊದಲು ಹೋಗಿ ಅದರ ಹಿಂಬದಿಯನ್ನು ನೋಡಿರೆಂದು ಪ್ರಾರ್ಥಿಸುತ್ತೇನೆ.

ಇನ್ನು ಒಂದೊಂದೇ ಭಾಗವನ್ನು ನೋಡೋಣ. ಹಳೆಯದನ್ನು ಸರಿಪಡಿಸುವವರಿಗೂ ಹೊಸದನ್ನು ಕೊಳ್ಳುವವರಿಗೂ ಮುಂದಿನ ಮಾತುಗಳು ಸಮಾನವಾಗಿ ಅನ್ವಯಿಸುತ್ತವೆ.

ಮಾನಿಟರು ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಬದಲಿಸಬಲ್ಲುದೆಂಬುದನ್ನು ಹರ್ಟ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಕಚೇರಿಗಳಲ್ಲಿ ಬಳಸುವ ಸಾಮಾನ್ಯ ಮಾನಿಟರು 60 ಹರ್ಟ್ಸಿನದು. ಯಂತ್ರವು 140 ಚಿತ್ರ ಬರೆದರೂ ಅಂತಹ ಮಾನಿಟರು ತೋರಿಸುವುದು 60ನ್ನೇ. ಇಲ್ಲಿ ನನಗೆ ನೆರವಾದದ್ದು ಅರ್ಥಶಾಸ್ತ್ರದ ತರಗತಿಯಲ್ಲಿ ಓದಿದ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಹಸಿದವನಿಗೆ ಮೊದಲನೆಯ ಮುದ್ದೆ ಕೊಡುವ ತೃಪ್ತಿಯನ್ನು ಮೂರನೆಯದು ಕೊಡದು. 60 ಹರ್ಟ್ಸಿನಲ್ಲಿ ಒಂದು ಚಿತ್ರದ ಆಯುಸ್ಸು 16.7 ಮಿಲಿಸೆಕೆಂಡು, 144ರಲ್ಲಿ 6.9, 240ರಲ್ಲಿ 4.2, 360ರಲ್ಲಿ 2.8. ಎಂದರೆ, 60ರಿಂದ 144ಕ್ಕೆ ಏರಿದರೆ ಸುಮಾರು 10 ಮಿಲಿಸೆಕೆಂಡು ಉಳಿಯುತ್ತದೆ. 144ರಿಂದ 240ಕ್ಕೆ ಏರಿದರೆ 3ಕ್ಕೂ ಕಡಮೆ. 240ರಿಂದ 360ಕ್ಕೆ ಏರಿದರೆ ಒಂದೂವರೆಯೂ ಇಲ್ಲ. ಬೆಲೆ ಮಾತ್ರ ಪ್ರತಿ ಮೆಟ್ಟಿಲಿಗೂ ಏರುತ್ತಲೇ ಹೋಗುತ್ತದೆ. ನಮ್ಮಂತಹವರಿಗೆ ಮೊದಲನೆಯ ಮುದ್ದೆಯೇ ಊಟ. ಮಿಕ್ಕವು ಅದನ್ನೇ ವೃತ್ತಿಯಾಗಿ ಮಾಡಿಕೊಂಡವರಿಗೆ. ತಮ್ಮನ ಪಟ್ಟಿಯಲ್ಲಿ ಚಿತ್ರವು ಅತಿ ಸ್ಫುಟವಾಗಿ ಕಾಣುವ, ಆದರೆ 60 ಹರ್ಟ್ಸಿನ ದೊಡ್ಡ ಮಾನಿಟರೊಂದು ಇತ್ತು. ಅದು ಚಲನಚಿತ್ರ ನೋಡಲು ಚೆನ್ನ. ಇಂತಹ ಸ್ಪರ್ಧೆಗೆ ಒಪ್ಪದು.

ನಾವು 144 ಹರ್ಟ್ಸಿನ ಮಾನಿಟರನ್ನು ತಂದೆವು. ತಮ್ಮನು ಒಂದು ಗಂಟೆ ಆಡಿ, "ಅಕ್ಕಾ, ಏನೂ ವ್ಯತ್ಯಾಸ ಇಲ್ವಲ್ಲ" ಎಂದನು. ಈ ಸಲ ನಾನು ಗಾದೆಯನ್ನು ಹೇಳಲಿಲ್ಲ; ವಿಂಡೋಸಿನ ಸೆಟ್ಟಿಂಗ್ಸನ್ನು ತೆರೆದು ನೋಡಿದೆನು. ಹೊಸ ಮಾನಿಟರನ್ನು ಜೋಡಿಸಿದರೂ ಅಲ್ಲಿ 60 ಎಂದೇ ಇತ್ತು. ಅದನ್ನು 144ಕ್ಕೆ ಬದಲಿಸುವುದು ನಮ್ಮ ಕೆಲಸವೇ ಹೊರತು ಯಂತ್ರವು ಯಾವಾಗಲೂ ತಾನಾಗಿ ಮಾಡುವುದಿಲ್ಲ. ಬದಲಿಸಿದ ಮೇಲೆ ಅವನು ಮತ್ತೆ ಏನೂ ಕೇಳದೆ ಆಟದಲ್ಲಿ ಮುಳುಗಿದನು.

ಗ್ರಾಫಿಕ್ಸ್ ಕಾರ್ಡು ಇಡೀ ಪಟ್ಟಿಯಲ್ಲಿ ಸಾಮಾನ್ಯವಾಗಿ ಅತ್ಯಂತ ದುಬಾರಿಯಾದ ವಸ್ತು. ಆದರೆ ಸ್ಪರ್ಧೆಯ ಆಟಗಳಲ್ಲಿ ಬಹಳಷ್ಟು, ಹೆಚ್ಚು ಜನರು ಆಡಲೆಂದು ಹಗುರವಾಗಿಯೇ ರಚಿತವಾದವು. ಅಲ್ಲದೆ ನುರಿತ ಆಟಗಾರರು ಅಲಂಕಾರಗಳನ್ನು ತಗ್ಗಿಸಿಯೇ ಆಡುತ್ತಾರೆ. ಆದುದರಿಂದ ಇಲ್ಲಿ ಪ್ರೊಸೆಸರನ್ನು ಕಡೆಗಣಿಸಿ ಕಾರ್ಡೊಂದಕ್ಕೇ ಹಣ ಸುರಿಯಬಾರದು. 2023ರಲ್ಲಿ ಬಂದ 'ಕೌಂಟರ್ ಸ್ಟ್ರೈಕ್ 2' ತನ್ನ ಹಿಂದಿನ ಆವೃತ್ತಿಗಿಂತ ಭಾರವಾದುದು. ಅದನ್ನು ಆಡುವವರು ಒಂದು ಮೆಟ್ಟಿಲು ಮೇಲಿನ ಯಂತ್ರವನ್ನು ನೋಡಬೇಕು. ಕೈಬದಲಾದ ಕಾರ್ಡನ್ನು ಕೊಳ್ಳುವವರು ಮಾರುವವರ ಮುಂದೆಯೇ ಅರ್ಧ ಗಂಟೆ ಭಾರವಾದ ಆಟವನ್ನು ಓಡಿಸಿ, ಚಿತ್ರ ಕೆಡುತ್ತದೆಯೇ, ಪಂಖ ಒರಲುತ್ತದೆಯೇ ಎಂದು ನೋಡಿಯೇ ಹಣ ಕೊಡಬೇಕು. ಕ್ರಿಪ್ಟೋ ನಾಣ್ಯದ ಗಣಿಗಾರಿಕೆಯಲ್ಲಿ ಹಗಲಿರುಳು ದುಡಿದು ದಣಿದ ಕಾರ್ಡುಗಳೂ, ಹೆಸರು ಬದಲಿಸಿಕೊಂಡ ಖೋಟಾ ಕಾರ್ಡುಗಳೂ ಮಾರುಕಟ್ಟೆಯಲ್ಲಿ ಉಂಟು.

ಪ್ರೊಸೆಸರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿ.ಪಿ.ಎಂ. 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ವ್ಯವಸ್ಥೆಗಳು ಯಂತ್ರದಲ್ಲಿ ಇರಲೇಬೇಕು. ತೀರ ಹಳೆಯ ಕಚೇರಿ ಯಂತ್ರಗಳು ಅಗ್ಗವಾಗಿ ಸಿಕ್ಕಿದರೂ ಇವಿಲ್ಲದೆ ನಿರುಪಯುಕ್ತವಾಗಬಹುದು. ಇಂಟೆಲ್ಲಿನ ಎಂಟನೆಯ ತಲೆಮಾರಿಗಿಂತ ಹಳೆಯದನ್ನು ಕೊಳ್ಳದಿರುವುದು ಲೇಸು.

ರ್‍ಯಾಮಿನ ವಿಷಯವು ಸರಳ. 16 ಜಿ.ಬಿ. ಇದ್ದರೆ ಸದ್ಯಕ್ಕೆ ಧಾರಾಳ. ಆದರೆ 16ರ ಒಂದೇ ಪಟ್ಟಿಗಿಂತ 8ರ ಎರಡು ಪಟ್ಟಿಗಳು ಲೇಸು. ಒಂದು ಎತ್ತಿನ ಗಾಡಿಗೂ ಜೋಡೆತ್ತಿನ ಗಾಡಿಗೂ ಇರುವ ಅಂತರ ಇದು. ಎರಡು ಪಟ್ಟಿಗಳಿದ್ದಾಗ ಪ್ರೊಸೆಸರಿಗೆ ಸಾಮಗ್ರಿಯು ಎರಡು ದಾರಿಗಳಿಂದ ಏಕಕಾಲಕ್ಕೆ ಒದಗುತ್ತದೆ. ಎಸ್.ಎಸ್.ಡಿ. ಎಂಬ ಸಂಗ್ರಹ ಸಾಧನದಿಂದ ಆಟವು ಬೇಗ ತೆರೆದುಕೊಳ್ಳುತ್ತದೆ. ಆಟದೊಳಗಿನ ವೇಗ ಮಾತ್ರ ಅದರಿಂದ ಅಷ್ಟಾಗಿ ಹೆಚ್ಚದು.

ಮೌಸಿನ ಡಬ್ಬಿಯ ಮೇಲೆ ಡಿ.ಪಿ.ಐ. ಎಂಬ ಅಂಕಿಯನ್ನು ಇಪ್ಪತ್ತು ಸಾವಿರ, ಮೂವತ್ತು ಸಾವಿರ ಎಂದು ದೊಡ್ಡದಾಗಿ ಮುದ್ರಿಸಿರುತ್ತಾರೆ. ಕೈ ಒಂದಂಗುಲ ಸರಿದರೆ ಮೌಸು ಅದನ್ನು ಎಷ್ಟು ಹೆಜ್ಜೆಗಳಾಗಿ ಎಣಿಸುತ್ತದೆ ಎಂಬುದೇ ಅದರ ಅರ್ಥ. ಗುರಿಯಾಟದ ನುರಿತವರಲ್ಲಿ ಬಹುಮಂದಿ 400 ಅಥವಾ 800ರಲ್ಲಿಯೇ ಆಡುತ್ತಾರೆ. ಆದುದರಿಂದ ಆ ಅಂಕಿಗೆ ಮರುಳಾಗದೆ, ಕೈಗೆ ಒಪ್ಪುವ, ಹಗುರವಾದ, ಎತ್ತಿಟ್ಟಾಗ ಗುರಿ ಜಿಗಿಯದ ಮೌಸನ್ನು ಆರಿಸಬೇಕು. ಅದರ ಕೆಳಗೆ ಅಗಲವಾದ ಬಟ್ಟೆಯ ಹಾಸು ಬೇಕು. ಅಗ್ಗದ ಕೀಬೋರ್ಡುಗಳಲ್ಲಿ ಕೆಲವು, ಮೂರು ನಾಲ್ಕು ಗುಂಡಿಗಳನ್ನು ಒಟ್ಟಿಗೆ ಒತ್ತಿದಾಗ ಒಂದನ್ನು ನುಂಗಿಬಿಡುತ್ತವೆ. ಕೊಳ್ಳುವ ಮುನ್ನ ಒತ್ತಿ ನೋಡಬೇಕು. ಹೆಡ್‌ಫೋನಿನಲ್ಲಿ ಹೆಜ್ಜೆಯ ಸಪ್ಪಳ ಎಡದಿಂದ ಬಂದಿತೋ ಬಲದಿಂದ ಬಂದಿತೋ ಎಂಬುದು ಸ್ಪಷ್ಟವಾಗಿ ತಿಳಿದರೆ ಸಾಕು. ಬಣ್ಣಬಣ್ಣದ ದೀಪಗಳಿಂದ ಯಾರೂ ಗೆದ್ದುದಿಲ್ಲ. ತಮ್ಮನ ಪಟ್ಟಿಯಲ್ಲಿ ದೀಪಗಳ ಬಾಬ್ತೇ ಹಲವು ಸಾವಿರದ್ದಿತ್ತು.

ಈಗ ವಿದ್ಯುತ್ತಿನ ಮಾತು. ಯಂತ್ರದ ಪವರ್ ಸಪ್ಲೈ ಎಂಬ ಭಾಗವು ಹೊರಗೆ ಕಾಣುವುದಿಲ್ಲವೆಂದು ಜನರು ಅದರಲ್ಲಿ ಉಳಿತಾಯ ಮಾಡುತ್ತಾರೆ. ಅದು ಕೆಟ್ಟರೆ ತಾನೊಂದೇ ಹೋಗದೆ ನೆರೆಯವರನ್ನೂ ಕರೆದೊಯ್ಯಬಹುದು. ಹಳ್ಳಿಯಲ್ಲಿ ಗುಡುಗು ಮಳೆಯ ಕಾಲದಲ್ಲಿ ವಿದ್ಯುತ್ತು ಹೋಗಿ ಬರುವುದು, ವೋಲ್ಟೇಜು ಏರಿಳಿಯುವುದು ಎಲ್ಲರೂ ಬಲ್ಲ ಸಂಗತಿ. ಅದಕ್ಕಾಗಿ ಒಂದು ಚಿಕ್ಕ ಯು.ಪಿ.ಎಸ್. ಅವಶ್ಯ. ಅದು ಕೆಲವೇ ನಿಮಿಷ ಬರುತ್ತದೆ. ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಅಷ್ಟು ಸಾಕು. ಕಂಪ್ಯೂಟರಿನ ಲೋಹದ ಪೆಟ್ಟಿಗೆಯನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿದ್ದರೆ ಮನೆಯ ಅರ್ಥಿಂಗು ಸರಿಯಿಲ್ಲವೆಂದು ಶಂಕಿಸಬೇಕು. ನಮ್ಮಲ್ಲಿ ಹಾಗೆಯೇ ಇತ್ತು. ಬಲ್ಲ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅದನ್ನು ಸರಿಪಡಿಸಿದೆವು. ಇದು ಆಟಕ್ಕಿಂತ ಮೊದಲು ಮನೆಯವರ ಪ್ರಾಣಕ್ಕೆ ಬೇಕಾದದ್ದು.

ಕಡೆಯದಾಗಿ, ಹಣದಿಂದ ಪೂರ್ತಿ ನಿವಾರಿಸಲಾಗದ ತಡೆಯೊಂದಿದೆ. ಅದು ದೂರ. ಆಟಗಾರರೆಲ್ಲರ ಚಲನೆಯನ್ನೂ ಲೆಕ್ಕವಿಡುವ ಯಂತ್ರವು ಬೇರೊಂದು ನಗರದಲ್ಲಿರುತ್ತದೆ. ವ್ಯಾಲೊರಂಟಿಗೆ ಅದು ಮುಂಬಯಿಯಲ್ಲಿಯೂ ಉಂಟು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಹೋಗುತ್ತದೆ. ಮುಂಬಯಿಗೆ ತಂತಿಯ ದಾರಿಯನ್ನು 1,000 ಕಿಲೋಮೀಟರು ಎಂದು ಹಿಡಿದರೂ, ಹೋಗಿ ಬರಲು 10 ಮಿಲಿಸೆಕೆಂಡು ಬೇಕೇ ಬೇಕು. ನಡುವಿನ ನಿಲ್ದಾಣಗಳ ತಡವು ಬೇರೆ. ಇದನ್ನು ಆಟದಲ್ಲಿ ಪಿಂಗ್ ಎನ್ನುತ್ತಾರೆ. ಯಾವ ಯಂತ್ರವನ್ನು ಕೊಂಡರೂ ಈ ತಡ ತಪ್ಪದು. ಆದರೆ ಇದನ್ನು ಅನಗತ್ಯವಾಗಿ ಹೆಚ್ಚಿಸಿಕೊಳ್ಳದೆ ಇರಬಹುದು. ತಮ್ಮನು ಫೋನಿನ ಹಾಟ್‌ಸ್ಪಾಟಿನಿಂದ ಆಡುತ್ತಿದ್ದನು. ಅದರಲ್ಲಿ ಪಿಂಗು ಒಮ್ಮೆ 50, ಮರುಕ್ಷಣ 200 ಎಂದು ಕುಣಿಯುತ್ತಿತ್ತು. ಸರಾಸರಿಗಿಂತ ಈ ಏರಿಳಿತವೇ ಹೆಚ್ಚು ಕೆಡುಕು. ಮನೆಗೆ ಬಂದಿದ್ದ ಫೈಬರ್ ಸಂಪರ್ಕದ ಪೆಟ್ಟಿಗೆಯಿಂದ ಅವನ ಮೇಜಿಗೆ ಒಂದು ತಂತಿಯನ್ನು ಎಳೆದೆವು. 300 ರೂಪಾಯಿಯ ಆ ತಂತಿಯಷ್ಟು ಲಾಭವನ್ನು ಮತ್ತಾವ ವಸ್ತುವೂ ಕೊಡಲಿಲ್ಲ.

ಲ್ಯಾಪ್‌ಟಾಪು ಕೊಳ್ಳಬಾರದೇ ಎಂದು ಹಾಸ್ಟೆಲಿನಲ್ಲಿರುವ ಗೆಳತಿಯರು ಕೇಳುತ್ತಾರೆ. ಓದಿಗೂ ಆಟಕ್ಕೂ ಒಂದೇ ಯಂತ್ರ ಸಾಕೆನ್ನುವವರಿಗೆ ಅದು ಸರಿಯೇ. ಆದರೆ ಅದರೊಳಗೆ ಶಾಖವು ಬೇಗ ಏರಿ, ತನ್ನನ್ನು ಕಾಪಾಡಿಕೊಳ್ಳಲು ಯಂತ್ರವು ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಒಂದು ಭಾಗ ಹಳತಾದರೆ ಅದೊಂದನ್ನೇ ಬದಲಿಸುವುದು ಕಷ್ಟ. ಫೋನಿನಲ್ಲಿ ಆಡುವವರಿಗೂ ಶಾಖದ ಮಾತು ಹೀಗೆಯೇ ಅನ್ವಯಿಸುತ್ತದೆ. ಅವರಿಗೆ ಹೇಳಬೇಕಾದ ಮತ್ತೊಂದು ಮಾತುಂಟು. 'ಪಬ್‌ಜಿ ಮೊಬೈಲ್' 2020ರ ಸೆಪ್ಟೆಂಬರಿನಲ್ಲಿ ನಮ್ಮ ದೇಶದಲ್ಲಿ ನಿಷಿದ್ಧವಾಯಿತು. ಅದರ ಸ್ಥಾನದಲ್ಲಿ 2021ರ ಜುಲೈಯಲ್ಲಿ ಬಂದ 'ಬಿ.ಜಿ.ಎಂ.ಐ.' 2022ರ ಜುಲೈಯಲ್ಲಿ ಮರೆಯಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಒಂದೇ ಆಟವನ್ನು ನಂಬಿ ಸಾಲ ಮಾಡಿ ದುಬಾರಿ ಫೋನು ಕೊಂಡವರು ಆ ತಿಂಗಳುಗಳಲ್ಲಿ ಏನು ಮಾಡಿಯಾರು? ಆಟ ಹೋದರೂ ಬೇರೆ ಕೆಲಸಕ್ಕೆ ಬರುವಂತಹ ಸಾಧನವನ್ನೇ ಆರಿಸುವುದು ಬುದ್ಧಿವಂತಿಕೆ.

ಎರಡು ವಾರದ ವಾಯಿದೆ ಮುಗಿದಾಗ ನಾನು ತಂದೆಯವರ ಮುಂದೆ ಇಟ್ಟ ಲೆಕ್ಕ ಇಷ್ಟು: ರ್‍ಯಾಮಿನ ಇನ್ನೊಂದು ಪಟ್ಟಿ 1,600, ಮಾನಿಟರು 9,200, ಮೌಸು 1,300, ಅದರ ಹಾಸು 400, ಅಂತರಜಾಲದ ತಂತಿ 300, ಯು.ಪಿ.ಎಸ್. 3,000, ಅರ್ಥಿಂಗಿನ ಖರ್ಚು 1,200. ಒಟ್ಟು 17,000 ರೂಪಾಯಿ. ಎಂಬತ್ತು ಸಾವಿರದ ಮಾತು ಅಲ್ಲಿಗೆ ನಿಂತಿತು. ತಂತಿಯ ವಿಷಯವನ್ನು ಮರೆಮಾಚಿ ಲೆಕ್ಕವನ್ನಷ್ಟೇ ಹೇಳಬಹುದಾಗಿತ್ತು, ಮನಸ್ಸು ಒಪ್ಪಲಿಲ್ಲ. ನಾನೇ ತಪ್ಪು ಜೋಡಿಸಿದ್ದೆನೆಂದು ಹೇಳಿದೆನು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಮೊದಲ್ನೇ ವರ್ಷ ಬ್ಯಾರನ್ ಹಚ್ಚಿದಾಗ ಒಂದಿಡೀ ಬ್ಯಾರನ್ ಸೊಪ್ಪು ಸುಟ್ಟಾಕಿದ್ದೆ ಕಣವ್ವ" ಎಂದರು. ಉಳಿದ ಹಣದಲ್ಲಿ ಒಂದು ಭಾಗದಿಂದ ಆ ವರ್ಷ ಬ್ಯಾರನ್ನಿನ ತುಕ್ಕು ಹಿಡಿದ ಕೊಳವೆಗಳನ್ನು ಬದಲಿಸಿದರು.

ತಮ್ಮನು ಆಮೇಲೆ ಮೈಸೂರಿನ ಒಂದು ಕಾಲೇಜಿನಲ್ಲಿ ನಡೆದ ಪಂದ್ಯಕ್ಕೆ ತನ್ನ ತಂಡದೊಡನೆ ಹೋಗಿದ್ದನು. ಮೊದಲ ಸುತ್ತಿನಲ್ಲಿ ಗೆದ್ದು ಎರಡನೆಯದರಲ್ಲಿ ಸೋತು ಬಂದನು. ಯಂತ್ರಗಳು ಹೇಗಿದ್ದುವು ಎಂದು ಕೇಳಿದೆನು. "ಎಲ್ಲಾರ್ಗೂ ಒಂದೇ ಥರದ್ದು ಕೊಟ್ಟಿದ್ರು ಅಕ್ಕಾ. ನಾವೇ ಆಡ್ಲಿಲ್ಲ" ಎಂದನು. ಅಂದಿನಿಂದ ಪರೀಕ್ಷೆಯ ಓದು ಮುಗಿದ ಮೇಲೆ ದಿನಕ್ಕೆ ಒಂದು ಗಂಟೆ, ಗುರಿಯ ಅಭ್ಯಾಸವೊಂದನ್ನೇ ಮಾಡುತ್ತಿದ್ದಾನೆ.

ನನ್ನ ಅಲ್ಪ ತಿಳಿವಳಿಕೆಗೆ ನಿಲುಕಿದ್ದನ್ನು ಬರೆದಿದ್ದೇನೆ. ವಿಜ್ಞಾನ ಬಲ್ಲ ಅಧ್ಯಾಪಕರೂ ಸಹಪಾಠಿಗಳೂ ಇದರಲ್ಲಿ ತಪ್ಪು ಕಂಡರೆ ತಿದ್ದಬೇಕೆಂದು ಬೇಡುತ್ತೇನೆ. ಮನೆಯಲ್ಲಿ ಇಂತಹ ಪಟ್ಟಿಯೊಂದನ್ನು ಕೈಗಿತ್ತು "ನೀನು ಓದಿದವಳು" ಎಂದು ಯಾರಾದರೂ ಕೇಳಿದರೆ, ಗೊತ್ತಿಲ್ಲವೆಂದು ಹೇಳಲು ನಾಚಬೇಡಿ. ಬಲ್ಲವರನ್ನು ಕೇಳಿ, ಅಳೆದು ನೋಡಿ, ಆಮೇಲೆ ಹೇಳಿ. ಅದಕ್ಕೂ ಮೊದಲು ಮೇಜನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆಯಿರಿ.